ಹಲ್ಲಿನ ಪಾಚಿಗೆ ಕರೆಂಟ್ ಬ್ರಷ್ ಬೇಕಾ, ಕೈ ಬ್ರಷ್ ಸಾಕಾ?

ಕಬ್ಬಿನಗದ್ದೆ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಹಲ್ಲಿನ ವಿಷಯ, ನಗಬೇಡಿ.

ಎರಡು ತಿಂಗಳಿಂದ ಹಲ್ಲುಜ್ಜಿ ಉಗುಳಿದರೆ ನೊರೆ ಕೆಂಪಗೆ ಬರುತ್ತಿತ್ತು. ಮೈಗೆ ಉಷ್ಣ ಆಗಿರಬೇಕು ಅಂತ ದಿನಾ ಒಂದು ಎಳನೀರು ಕುಡಿದುಕೊಂಡು ಸುಮ್ಮನಿದ್ದೆ. ಕೊನೆಗೆ ಮನೆಯವಳ ಕಾಟ ತಾಳಲಾರದೆ ಇಲ್ಲೇ ಒಂದು ಕ್ಲಿನಿಕ್‌ಗೆ ಹೋದೆ. ಡಾಕ್ಟರ್ ಪುಟ್ಟ ಕನ್ನಡಿ ಹಿಡಿದು ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗ ತೋರಿಸಿದರು. ಹಳದಿ ಪಟ್ಟಿ, ಕಲ್ಯಾಣಿ ಮೆಟ್ಟಿಲ ಮೇಲೆ ಪಾಚಿ ಒಣಗಿ ಅಂಟಿಕೊಂಡ ಹಾಗೆ. ನನಗೇ ನಾಚಿಕೆಯಾಯಿತು. ದಿನಕ್ಕೆ ಎರಡು ಸಲ ಉಜ್ಜುವವನು ನಾನು, ಅದೂ ಗಟ್ಟಿ ಬ್ರಷ್ ತಗೊಂಡು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತೇನೆ, ಆದರೂ ಇದು ಎಲ್ಲಿಂದ ಬಂತು?

ಸ್ಕೇಲಿಂಗ್ ಮಾಡಿದರು, ಅಂದರೆ ಆ ಪಟ್ಟಿಯನ್ನು ಕೆರೆದು ತೆಗೆದರು. ಎದ್ದು ಹೊರಡುವಾಗ "ಎಲೆಕ್ಟ್ರಿಕ್ ಬ್ರಷ್ ತಗೊಂಡುಬಿಡಿ" ಅಂದರು. ಕೌಂಟರ್ ಮೇಲೇ ಡಬ್ಬ ಇತ್ತು, 4,200 ರೂಪಾಯಿ. ಯೋಚನೆ ಮಾಡಿ ಬರುತ್ತೇನೆ ಅಂತ ಜಾರಿಕೊಂಡೆ. ಮನೆಗೆ ಬಂದು ಹೇಳಿದರೆ ಇವಳು "ಯಾಕೆ, ನಿಮ್ಮ ಕೈಗೇನಾಗಿದೆ? ಹಲ್ಲುಜ್ಜೋಕೂ ಮೋಟರ್ ಬೇಕಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಪಾಚಿ ತೆಗೆಯುವುದರಲ್ಲಿ ಎರಡಕ್ಕೂ ನಿಜವಾಗಿ ವ್ಯತ್ಯಾಸ ಇದೆಯಾ, ಇಲ್ಲ ಟಿವಿ ಜಾಹೀರಾತಿನ ಮಾತಾ? ಬಳಸಿದವರು ಹೇಳಿ. 4,200 ಅಂದರೆ ನಮ್ಮಲ್ಲಿ ಸುಮಾರು ವರ್ಷಗಳ ಬ್ರಷ್ ಖರ್ಚು.

ಹಾಗೇ ಇನ್ನೊಂದು, ಅಪ್ಪನಿಗೆ 71. ಹೋದ ವರ್ಷ ಸ್ಟ್ರೋಕ್ ಆದಮೇಲೆ ಬಲಗೈಯಲ್ಲಿ ಹಿಡಿತ ಕಮ್ಮಿ. ಎಡಗೈ ಬೆರಳಲ್ಲಿ ನಂಜನಗೂಡು ಹಲ್ಲುಪುಡಿ ಹಾಕಿ ಉಜ್ಜಿಕೊಳ್ಳುತ್ತಾರೆ. ಅವರಿಗೂ ಬ್ರಷ್ ಕೊಡಿಸಬೇಕಾ ಗೊತ್ತಿಲ್ಲ.

ಹೊಂಗೆಮರ, ಪಾಂಡವಪುರ:

ಗುರುವೇ, ನಮ್ಮ ತಾತ ಸಾಯೋವರೆಗೂ ಬೇವಿನ ಕಡ್ಡಿ ಬಿಟ್ಟು ಬೇರೆ ಏನೂ ಬಾಯಿಗೆ ಇಟ್ಟವರಲ್ಲ. 80 ದಾಟಿದ ಮೇಲೂ ಗದ್ದೆ ಬದುವಿನ ಮೇಲೆ ಕೂತು ಕಬ್ಬು ಸಿಗಿದು ತಿನ್ನುತ್ತಿದ್ದರು. ಮೋಟರ್ರೂ ಇಲ್ಲ, ಪೇಸ್ಟೂ ಇಲ್ಲ. ಆ 4,200 ಇಟ್ಟುಕೊಂಡು ಆರಾಮಾಗಿರಿ.

ಒಗ್ಗರಣೆ, ಕುವೆಂಪುನಗರ:

ಎಲ್ಲರ ಮನೆಯಲ್ಲೂ ಈ ತಾತ ಒಬ್ಬರು ಇರುತ್ತಾರೆ ನೋಡಿ. ನಮ್ಮ ಅಜ್ಜಿಯೂ ಬೇವಿನ ಕಡ್ಡಿ, ಇದ್ದಿಲು, ಉಪ್ಪು ಎಲ್ಲಾ ಹಾಕಿ ಉಜ್ಜಿದವರೇ, 50ಕ್ಕೆ ಒಂದು ಹಲ್ಲೂ ಇರಲಿಲ್ಲ. ರಾಗಿ ಮುದ್ದೆ ಇದ್ದದ್ದರಿಂದ ಬದುಕಿದರು, ನುಂಗಿದರೆ ಸಾಕಲ್ಲ. ಹಲ್ಲು ಉಳಿದ ತಾತನ ಕಥೆ ಊರೆಲ್ಲಾ ಹೇಳುತ್ತೇವೆ, ಬೊಚ್ಚುಬಾಯಿ ಅಜ್ಜಿಯ ಕಥೆ ಯಾರೂ ಹೇಳುವುದಿಲ್ಲ. ಇದ್ದಿಲು ಇಟ್ಟಿಗೆಪುಡಿ ಹಾಕಿ ಉಜ್ಜಿದರೆ ಹಲ್ಲಿನ ಎನಾಮಲ್ ಸವೆಯುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ.

ದವಡೆಹಲ್ಲು, ಸರಸ್ವತಿಪುರಂ:

ನಾನು ಡೆಂಟಿಸ್ಟ್, ಮೈಸೂರಿನಲ್ಲೇ ಪ್ರಾಕ್ಟೀಸ್. ನಾನು ಬ್ರಷ್ ಮಾರುವುದಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ಮೊದಲು ನಿಮ್ಮ "ಎಲ್ಲಿಂದ ಬಂತು" ಅನ್ನುವ ಪ್ರಶ್ನೆ. ಪಾಚಿ ಅಂದರೆ ಬ್ಯಾಕ್ಟೀರಿಯಾಗಳು ಗುಂಪುಕಟ್ಟಿ, ತಾವೇ ಅಂಟು ಮಾಡಿಕೊಂಡು ಹಲ್ಲಿಗೆ ಹತ್ತಿಕೊಂಡಿರುವ ಪದರ. ಮೆತ್ತಗಿರುತ್ತದೆ, ಉಗುರಿನಲ್ಲಿ ಕೆರೆದರೂ ಬರುತ್ತದೆ. ಅದನ್ನು ಬಿಟ್ಟರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ ಸೇರಿ ಒಂದೆರಡು ದಿನದಲ್ಲೇ ಗಟ್ಟಿಯಾಗೋಕೆ ಶುರು. ಆಮೇಲೆ ಅದು ಗಾರೆ. ಎಂಜಲು ಬರುವ ಗ್ರಂಥಿಗಳ ಬಾಯಿ ನಾಲಿಗೆಯ ಕೆಳಗೆ, ಕೆಳಗಿನ ಮುಂದಿನ ಹಲ್ಲುಗಳ ಹಿಂದೆಯೇ ತೆರೆದುಕೊಳ್ಳುತ್ತದೆ, ಅದಕ್ಕೇ ಎಲ್ಲರಿಗೂ ಅಲ್ಲೇ ಜಾಸ್ತಿ ಕಟ್ಟುವುದು. ನಾಚಿಕೊಳ್ಳಬೇಡಿ. ಮೇಲಿನ ದವಡೆ ಹಲ್ಲಿನ ಕೆನ್ನೆ ಕಡೆಗೂ ಇದೇ ಕಥೆ. ಒಂದು ಸಲ ಗಾರೆ ಆಯಿತೆಂದರೆ ಯಾವ ಬ್ರಷ್‌ಗೂ ಬಗ್ಗುವುದಿಲ್ಲ, 20 ರೂಪಾಯಿಯದಾಗಲಿ 20,000ದ್ದಾಗಲಿ. ಹಾಗಾಗಿ ನಿಮ್ಮ ಡಾಕ್ಟರ್ ಮೊದಲು ಸ್ಕೇಲಿಂಗ್ ಮಾಡಿದ್ದು ಸರಿ.

ಈಗ ಬ್ರಷ್. ವ್ಯತ್ಯಾಸ ಇದೆ, ಆದರೆ ಜಾಹೀರಾತು ಹೇಳುವಷ್ಟಿಲ್ಲ. ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಜಗತ್ತಿನ ಬೇರೆಬೇರೆ ಕಡೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಹಾಕಿ ತೂಗಿ ನೋಡುವವರು. 2014ರಲ್ಲಿ ಅವರು 56 ಪ್ರಯೋಗಗಳನ್ನು, 5,000ಕ್ಕೂ ಸ್ವಲ್ಪ ಹೆಚ್ಚು ಜನರ ಲೆಕ್ಕವನ್ನು ನೋಡಿದರು. ಕರೆಂಟ್ ಬ್ರಷ್ ಬಳಸಿದವರಲ್ಲಿ ಮೊದಲ ಮೂರು ತಿಂಗಳಲ್ಲಿ ಪಾಚಿ 11% ಕಡಿಮೆ, ಮೂರು ತಿಂಗಳು ದಾಟಿದ ಮೇಲೆ 21% ಕಡಿಮೆ. ವಸಡಿನ ಊತ 6%, ಆಮೇಲೆ 11% ಕಡಿಮೆ. ಇದು ಸರಾಸರಿ ಸ್ಕೋರ್ (ಪಾಚಿ, ಊತ ಎಷ್ಟಿದೆ ಅಂತ ನೋಡಿ ಹಾಕುವ ಅಂಕ), ನಿಮ್ಮ ಬಾಯಿಗೆ ಗ್ಯಾರಂಟಿ ಕಾರ್ಡ್ ಅಲ್ಲ. ಈ ತರದ ಎಷ್ಟೋ ಪ್ರಯೋಗಗಳಿಗೆ ಬ್ರಷ್ ಮಾಡುವವರ ದುಡ್ಡೇ ಇರುತ್ತದೆ ಅನ್ನುವುದೂ ನೆನಪಿರಲಿ.

ನನಗೆ ಅದಕ್ಕಿಂತ ಕಣ್ಣು ತೆರೆಸಿದ್ದು ಬೇರೆ ಎರಡು ಅಂಕಿ. ಒಂದು ಸಲ ಕೈ ಬ್ರಷ್‌ನಲ್ಲಿ ಉಜ್ಜಿದರೆ ಪಾಚಿಯ ಸ್ಕೋರ್ ಇಳಿಯುವುದು ಸರಾಸರಿ 42%. ಕರೆಂಟ್ ಬ್ರಷ್‌ನಲ್ಲಿ ಒಂದು ಸಲಕ್ಕೆ ಸುಮಾರು 46%. ಅಂದರೆ ಎರಡರಲ್ಲೂ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಉಳಿಯುತ್ತದೆ! ನಾವು ಬ್ರಷ್ ಬಗ್ಗೆ ಜಗಳ ಆಡುತ್ತಿದ್ದೇವೆ, ಪಾಚಿ ಆರಾಮಾಗಿ ಕೂತಿದೆ.

ಉಳಿಯುವುದು ಎಲ್ಲಿ? ಹಲ್ಲು ವಸಡು ಸೇರುವ ಗೆರೆಯಲ್ಲಿ, ಹಲ್ಲು ಹಲ್ಲಿನ ಸಂದಿಯಲ್ಲಿ, ನಾಲಿಗೆ ಕಡೆಯಲ್ಲಿ. ನೀವು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತೀರಲ್ಲ, ಅದು ಹಲ್ಲಿನ ಉಬ್ಬಿದ ಭಾಗಕ್ಕೆ ಮಾತ್ರ ತಾಗುತ್ತದೆ, ಅಲ್ಲಿ ಮೊದಲೇ ಪಾಚಿ ಕಮ್ಮಿ. ಮೆತ್ತನೆ ಬ್ರಷ್ ತಗೊಳ್ಳಿ. ಎಳೆಗಳನ್ನು 45 ಡಿಗ್ರಿ ಓರೆಯಾಗಿ ವಸಡಿನ ಗೆರೆಗೆ ಇಡಿ. ಜಾಗ ಬಿಡದೆ ಸಣ್ಣಗೆ ಅಲುಗಾಡಿಸಿ, ಆಮೇಲೆ ಮುಂದಿನ ಎರಡು ಹಲ್ಲಿಗೆ ಹೋಗಿ. ಇದನ್ನು ಬಾಸ್ ವಿಧಾನ ಅಂತಾರೆ, ಚಾರ್ಲ್ಸ್ ಬಾಸ್ ಅನ್ನುವ ಅಮೆರಿಕದ ವೈದ್ಯರು 1954ರಲ್ಲಿ ಬರೆದದ್ದು. ತಮಾಷೆ ಅಂದರೆ ಅವರು ಡೆಂಟಿಸ್ಟೇ ಅಲ್ಲ. ಪೂರ್ತಿ ಬಾಯಿಗೆ ಎರಡು ನಿಮಿಷ. ಗಡಿಯಾರ ಇಟ್ಟುಕೊಂಡು ನೋಡಿ, ಎರಡು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಕರೆಂಟ್ ಬ್ರಷ್ ಗೆಲ್ಲುವುದು ಮುಖ್ಯವಾಗಿ ಇಲ್ಲೇ. ಆ ಸಣ್ಣ ಅಲುಗಾಟವನ್ನು ಅದೇ ಮಾಡುತ್ತದೆ, ಟೈಮರ್ ಎರಡು ನಿಮಿಷ ನಿಲ್ಲಿಸಿಕೊಳ್ಳುತ್ತದೆ. ನಿಮ್ಮ ಕೈ ಇದನ್ನು ಮಾಡಿದರೆ ಮೋಟರ್ ಬೇಕಾಗಿಲ್ಲ. ಸಂದಿಗಂತೂ ಎರಡೂ ಹೋಗುವುದಿಲ್ಲ, ಫ್ಲಾಸ್ ಅನ್ನುವ ತೆಳು ದಾರ ಅಥವಾ ಸಂದಿಗೆ ಹಾಕುವ ಸಣ್ಣ ಬ್ರಷ್ ಬೇಕೇ ಬೇಕು.

ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಪಾಚಿಗೆ ಬಣ್ಣ ಹಿಡಿಸುವ ಮಾತ್ರೆ ಸಿಗುತ್ತದೆ, ಡಿಸ್‌ಕ್ಲೋಸಿಂಗ್ ಮಾತ್ರೆ ಅಂತ ಕೇಳಿ. ಸಿಗದಿದ್ದರೆ ಕೇಕ್‌ಗೆ ಹಾಕುವ ಕೆಂಪು ಬಣ್ಣ ಒಂದೆರಡು ಹನಿ ಹತ್ತಿಯಲ್ಲಿ ಸವರಿ ಬಾಯಿ ಮುಕ್ಕಳಿಸಿ. ಬಿಳಿ ಅಂಗಿ ಹಾಕಿಕೊಂಡು ಮಾತ್ರ ಮಾಡಬೇಡಿ.

ಸ್ಟೇಶನ್ ರೋಡ್, ಮೈಸೂರು:

ಡಾಕ್ಟರ್ ಎಲ್ಲಾ ಹೇಳಿಬಿಟ್ಟರು. ನಾನು ನಾಲ್ಕು ವರ್ಷದಿಂದ ಕರೆಂಟ್ ಬ್ರಷ್ ಬಳಸುತ್ತಿರುವವನು, ಅಂಗಡಿಯವರು ಹೇಳದ ಮಾತು ನಾನು ಹೇಳುತ್ತೇನೆ.

ಒಂದು, ಮೊದಲ ವಾರ ನಾನು ಅದನ್ನು ಕೈ ಬ್ರಷ್ ತರವೇ ಹಿಂದಕ್ಕೂ ಮುಂದಕ್ಕೂ ತಿಕ್ಕಿದೆ. ಕನ್ನಡಿ ತುಂಬಾ ನೊರೆ, ಅಂಗಿ ಮೇಲೆ ನೊರೆ. ಹಾಗೆ ಮಾಡಲೇಬಾರದು. ಬಾಯೊಳಗೆ ಇಟ್ಟ ಮೇಲೆ ಆನ್ ಮಾಡಿ, ಒಂದು ಹಲ್ಲಿನ ಮೇಲೆ ಎರಡು ಮೂರು ಸೆಕೆಂಡ್ ಸುಮ್ನೆ ಹಿಡಿಯಿರಿ, ಆಮೇಲೆ ಪಕ್ಕದ ಹಲ್ಲಿಗೆ ಜಾರಿಸಿ. ಕೈಗೆ ಕೆಲಸವೇ ಇಲ್ಲ. ಈ ಸುಮ್ನೆ ಹಿಡಿಯುವುದನ್ನು ಕಲಿಯೋಕೇ ನನಗೆ ಒಂದು ತಿಂಗಳು ಹಿಡಿಯಿತು, ಮೂವತ್ತು ವರ್ಷ ತಿಕ್ಕಿದ ಕೈ ಅಲ್ವಾ.

ಎರಡು, ಒತ್ತಿದರೆ ಕೆಂಪು ದೀಪ ಬರುವ ಮಾದರಿ ಇದ್ದರೆ ಅದನ್ನೇ ತಗೊಳ್ಳಿ. ಬ್ಲೂಟೂತ್ತು, ಮೊಬೈಲ್ ಆ್ಯಪ್ಪು, ಐದು ತರದ ಮೋಡ್ ಯಾವುದೂ ಬೇಡ. ನನ್ನದರಲ್ಲಿ ಮೂರು ಮೋಡ್ ಇದೆ, ಇನ್ನೆರಡು ಏನು ಮಾಡುತ್ತವೆ ಅಂತ ಇವತ್ತಿನವರೆಗೂ ನೋಡಿಲ್ಲ. ಟೈಮರ್, ಒತ್ತಡದ ದೀಪ, ಇಷ್ಟೇ ಸಾಕು.

ಮೂರನೆಯದು ಖರ್ಚು. ಬ್ರಷ್ ಒಂದು ಸಲ ತಗೊಳ್ಳುತ್ತೀರಿ, ಹೆಡ್ ಮಾತ್ರ ಮೂರು ತಿಂಗಳಿಗೊಂದು. ಅಸಲಿ ಖರ್ಚು ಅಲ್ಲೇ. ಒಂದು ಸಲ ದುಡ್ಡು ಉಳಿಸೋಣ ಅಂತ ಆನ್‌ಲೈನ್‌ನಲ್ಲಿ ಯಾರದೋ ಹತ್ತಿರ ಎಂಟು ಹೆಡ್ ಕಟ್ಟು ತರಿಸಿದೆ. ನೋಡೋಕೆ ಥೇಟ್ ಕಂಪನಿಯದೇ. ಹತ್ತನೇ ದಿನಕ್ಕೆ ಎಳೆ ಉದುರಿ ಬಾಯಿಗೆ ಬಂತು. ಪೂರ್ತಿ ಡೂಪ್ಲಿಕೇಟ್. ನಿಮ್ಮೂರಲ್ಲಿ ಆ ಹೆಡ್ ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಆಮೇಲೆ ಬ್ರಷ್ ಆರಿಸಿ. ಹೆಡ್ ಸಿಗದ ಬ್ರಷ್ ಅಂದರೆ ಟಯರ್ ಸಿಗದ ಬೈಕ್.

ಮತ್ತೆ ಹೆಡ್ ಕಿತ್ತು ನೋಡಿ, ಕೆಳಗಡೆ ಕಪ್ಪಗೆ ಲೋಳೆ ಕಟ್ಟಿರುತ್ತದೆ. ವಾರಕ್ಕೊಂದು ಸಲ ತೊಳೆಯಬೇಕು. ಪಾಚಿ ತೆಗೆಯುವ ಬ್ರಷ್‌ಗೇ ಪಾಚಿ! ಕರೆಂಟ್ ಹೋದರೆ ಏನು ಅಂತ ಹೆದರಬೇಡಿ, ನನ್ನದು ಒಂದು ಸಲ ಚಾರ್ಜ್ ಮಾಡಿದರೆ ಹತ್ತು ದಿನ ಬರುತ್ತದೆ.

ನನಗೆ ಲಾಭ ಆಯಿತಾ? ಆಯಿತು. ಮೊದಲು ಆರು ತಿಂಗಳಿಗೊಂದು ಸಲ ಕ್ಲೀನಿಂಗ್‌ಗೆ ಹೋದಾಗ ಬೈಗುಳ, ಈಗ ಬೈಗುಳ ಕಮ್ಮಿ. ಆದರೆ ಅದು ಮೋಟರ್‌ನಿಂದಲಾ, ದುಡ್ಡು ಕೊಟ್ಟಿದ್ದೇನಲ್ಲ ಅಂತ ಶ್ರದ್ಧೆಯಿಂದ ಉಜ್ಜುತ್ತಿರುವುದರಿಂದಲಾ, ದೇವರಾಣೆ ಹೇಳಲಾರೆ.

ಕಬ್ಬಿನಗದ್ದೆ, ಮಂಡ್ಯ:

ಡಾಕ್ಟರೇ, ತುಂಬಾ ಥ್ಯಾಂಕ್ಸ್. ಬಣ್ಣದ ಪರೀಕ್ಷೆ ಮಾಡುತ್ತೇನೆ. ಒಂದು ಸಣ್ಣ ಡೌಟು, ದುಂಡು ತಲೆ ತಿರುಗುವುದು ಒಂದು, ಸೋನಿಕ್ ಅಂತ ಉದ್ದ ತಲೆಯದು ಇನ್ನೊಂದು. ನಮ್ಮ ಕ್ಲಿನಿಕ್‌ನಲ್ಲಿ ಇದ್ದದ್ದು ಸೋನಿಕ್. ನಿಮಿಷಕ್ಕೆ 31,000 ಸಲ ಆಡುತ್ತದೆ ಅಂತ ಬರೆದಿತ್ತು. ಅದು ದೊಡ್ಡ ವಿಷಯವಾ?

ದವಡೆಹಲ್ಲು, ಸರಸ್ವತಿಪುರಂ:

ಅಂಕಿ ನೋಡಿ ಮರುಳಾಗಬೇಡಿ. ದುಂಡು ತಲೆಯದು ಪೂರ್ತಿ ಸುತ್ತುವುದಿಲ್ಲ, ಬೀಗದ ಕೈ ಆಡಿಸಿದ ಹಾಗೆ ಅರ್ಧ ಆ ಕಡೆ ಅರ್ಧ ಈ ಕಡೆ. ಸೋನಿಕ್ ಅಕ್ಕಪಕ್ಕಕ್ಕೆ ನಡುಗುತ್ತದೆ, ಎಂಜಲನ್ನೇ ಚಿಮ್ಮಿಸಿ ಎಳೆ ತಾಗದ ಜಾಗದ ಪಾಚಿಯನ್ನೂ ಸಡಿಲ ಮಾಡುತ್ತದೆ ಅಂತಾರೆ. ಲ್ಯಾಬ್‌ನಲ್ಲಿ ಅದು ಕಂಡದ್ದು ನಿಜ, ಬಾಯಲ್ಲಿ ಅದನ್ನು ನಂಬಿಕೊಂಡು ಫ್ಲಾಸ್ ಬಿಡಬೇಡಿ. 2014ರ ಆ ಲೆಕ್ಕದಲ್ಲಿ ಜಾಸ್ತಿ ಪುರಾವೆ ಇದ್ದದ್ದು ದುಂಡು ತಲೆಗೆ. ಆದರೆ ಎರಡರ ನಡುವೆ ಇರುವ ಅಂತರ, ನೀವು ಎರಡು ನಿಮಿಷ ಉಜ್ಜುವುದಕ್ಕೂ ನಲವತ್ತು ಸೆಕೆಂಡ್ ಉಜ್ಜುವುದಕ್ಕೂ ಇರುವ ಅಂತರದ ಮುಂದೆ ಏನೂ ಅಲ್ಲ.

ಜರ್ಮನಿಯಲ್ಲಿ 11 ವರ್ಷ ಜನರನ್ನು ಹಿಂಬಾಲಿಸಿ ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು. ಕರೆಂಟ್ ಬ್ರಷ್‌ನವರಿಗೆ ಉದುರಿದ ಹಲ್ಲು ಸುಮಾರು ಐದರಲ್ಲೊಂದು ಪಾಲು ಕಮ್ಮಿ. ಚೆನ್ನಾಗಿದೆ. ಆದರೆ ದುಬಾರಿ ಬ್ರಷ್ ತಗೊಳ್ಳುವವರು ಡೆಂಟಿಸ್ಟ್ ಹತ್ತಿರವೂ ಜಾಸ್ತಿ ಹೋಗುವವರೇ ಅಲ್ವಾ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಂಜೆಮಲ್ಲಿಗೆ, ಶ್ರೀರಂಗಪಟ್ಟಣ:

ಅಣ್ಣಾ, ನೀವು ನಿಮ್ಮ ಅಪ್ಪನ ವಿಷಯ ಕೊನೆಯಲ್ಲಿ "ಹಾಗೇ ಇನ್ನೊಂದು" ಅಂತ ಸೇರಿಸಿದ್ದೀರಿ. ಎಲ್ಲರೂ ನಿಮ್ಮ ಹಲ್ಲಿನ ಬಗ್ಗೆಯೇ ಬರೆದರು. ನನಗೇನೋ ಈ ಪ್ರಶ್ನೆಯಲ್ಲಿ ಬ್ರಷ್ ಬೇಕಾಗಿರುವುದು ಅವರಿಗೇ ಅನ್ನಿಸಿತು.

ನಮ್ಮಮ್ಮನಿಗೆ ಸಂಧಿವಾತ. ಬೆರಳು ಮಡಚೋಕೆ ಬರುತ್ತಿರಲಿಲ್ಲ. ಬ್ರಷ್ ಹಿಡಿಯೋಕೆ ಆಗಲ್ಲ ಅಂತ ಹೇಳಿಕೊಳ್ಳಲಾರದೆ ಬೆಳಿಗ್ಗೆ ಬಾಯಿಗೆ ನೀರು ಹಾಕಿ ಉಗುಳಿ "ಆಯ್ತು" ಅನ್ನುತ್ತಿದ್ದರು. ನಮಗೆ ಗೊತ್ತಾಗುವಷ್ಟರಲ್ಲಿ ಎರಡು ಹಲ್ಲು ಅಲ್ಲಾಡುತ್ತಿದ್ದವು. ಆಗ ಕರೆಂಟ್ ಬ್ರಷ್ ತಂದೆವು. ಅದರ ಹಿಡಿಕೆ ದಪ್ಪ, ಅದೇ ಅರ್ಧ ಉಪಕಾರ. ಬಾಯಲ್ಲಿ ಇಟ್ಟುಕೊಂಡು ಮೆಲ್ಲಗೆ ಸರಿಸಿದರೆ ಸಾಕು, ಮಣಿಕಟ್ಟು ತಿರುಗಿಸಬೇಕಾಗಿಲ್ಲ. ಆಮೇಲೆ ಓದಿದೆ, 1954ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಮೊದಲ ಕರೆಂಟ್ ಬ್ರಷ್ ಮಾಡಿದಾಗ ಅದನ್ನು ಉದ್ದೇಶಿಸಿದ್ದೇ ಕೈ ಸ್ವಾಧೀನ ಇಲ್ಲದ ರೋಗಿಗಳಿಗೆ, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ. ಬ್ರಾಕ್ಸೋಡೆಂಟ್ ಅಂತ ಹೆಸರು. ನಾವು ಸೋಮಾರಿಗಳ ಬ್ರಷ್ ಅಂತ ನಗುತ್ತೇವೆ.

ಸ್ಟ್ರೋಕ್ ಆದವರಿಗೆ ಇನ್ನೊಂದು ತೊಂದರೆ ಇರಬಹುದು. ಆ ಕಡೆಯ ಕೆನ್ನೆಯಲ್ಲಿ ಸ್ಪರ್ಶ ಕಮ್ಮಿ ಆಗಿದ್ದರೆ ಅನ್ನ, ಮುದ್ದೆ ಅಲ್ಲೇ ಒತ್ತಿಕೊಂಡು ಕೂತರೂ ಅವರಿಗೆ ಗೊತ್ತಾಗುವುದಿಲ್ಲ. ಊಟ ಆದಮೇಲೆ ಒಂದು ಸಲ ಇಣುಕಿ ನೋಡಿ. ನೀರು ನುಂಗುವಾಗ ಕೆಮ್ಮು ಬರುತ್ತಿದ್ದರೆ ಪೇಸ್ಟ್ ತೀರಾ ಸ್ವಲ್ಪ ಹಾಕಿ, ಕೂರಿಸಿ ಉಜ್ಜಿಸಿ, ಮಲಗಿಸಿ ಬೇಡ. ಅವರ ಡಾಕ್ಟರ್‌ಗೂ ಕೆಮ್ಮಿನ ವಿಷಯ ಹೇಳಿ. ಸಕ್ಕರೆ ಕಾಯಿಲೆ ಇದ್ದರಂತೂ ವಸಡು ಇನ್ನೂ ಜೋಪಾನ, ಒಂದು ಕೆಟ್ಟರೆ ಇನ್ನೊಂದು ಕೆಡುತ್ತದೆ.

ದುಡ್ಡು ಹಾಕುವ ಮೊದಲು ಬೇಕಿದ್ದರೆ ಮಾಮೂಲಿ ಬ್ರಷ್‌ಗೆ ಸೈಕಲ್ ಹ್ಯಾಂಡಲ್‌ನ ರಬ್ಬರ್ ಹಿಡಿ ತೂರಿಸಿ ಕೊಟ್ಟು ನೋಡಿ. ಮತ್ತೆ ಹಲ್ಲುಪುಡಿ ತೆಗೆದು ಬಿಸಾಡಬೇಡಿ ಮಾರಾಯ್ರೇ, ಆ ವಾಸನೆ ಇಲ್ಲದಿದ್ದರೆ ಅವರಿಗೆ ಬೆಳಗಾದ ಹಾಗೇ ಆಗುವುದಿಲ್ಲ. 1913ರಿಂದ ನಡೆದು ಬಂದ ನಂಜನಗೂಡಿನ ಸದ್ವೈದ್ಯಶಾಲೆಯ ಪುಡಿ ಅದು, ನಮ್ಮ ಕಡೆಯ ಹಿರಿಯರಿಗೆ ಹಲ್ಲುಪುಡಿ ಅಂದರೆ ಅದೇ. ಅವರು ಪುಡಿ ಹಾಕಿಕೊಳ್ಳಲಿ. ಫ್ಲೋರೈಡ್ ಪೇಸ್ಟ್‌ನಲ್ಲಿ ರಾತ್ರಿ ಒಂದು ಸಲ ಉಜ್ಜಿಸಿ.

ಕಬ್ಬಿನಗದ್ದೆ, ಮಂಡ್ಯ:

ಮೂರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಬಣ್ಣದ ಮಾತ್ರೆ ಮಂಡ್ಯದಲ್ಲಿ ಮೂರು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿದೆ, ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. ಕೇಕ್ ಬಣ್ಣವೇ ಗತಿಯಾಯಿತು. ಎಂದಿನ ಹಾಗೆ ಚೆನ್ನಾಗಿ ತಿಕ್ಕಿ, ಬಣ್ಣ ಸವರಿ, ಮುಕ್ಕಳಿಸಿ ಕನ್ನಡಿ ನೋಡಿದರೆ ಎಲೆ ಅಡಿಕೆ ಹಾಕಿದ ಮದುಮಗ! ಎಡಗಡೆ ಪರವಾಗಿಲ್ಲ. ಬಲಗಡೆ, ಅದೂ ಕೋರೆಹಲ್ಲಿನ ಹತ್ತಿರ ವಸಡಿನ ಗೆರೆ ಉದ್ದಕ್ಕೂ ಕೆಂಪು. ಬಲಗೈಯಲ್ಲಿ ಉಜ್ಜುವವನಿಗೆ ಬಲಗಡೆಗೇ ಬ್ರಷ್ ಸರಿಯಾಗಿ ತಿರುಗುವುದಿಲ್ಲ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂದಂತೂ ಬ್ರಷ್ ಹೋಗೇ ಇಲ್ಲ. ಮಗಳು ಫೋಟೋ ತೆಗೆದು ಕುಟುಂಬದ ಗ್ರೂಪ್‌ಗೆ ಹಾಕಿದ್ದಾಳೆ, ಅದು ಬೇರೆ ಕಥೆ.

30 ರೂಪಾಯಿಯ ಮೆತ್ತನೆ ಬ್ರಷ್ ತಂದೆ. ಈಗ ಮೊದಲು ಒಳಭಾಗದಿಂದ ಶುರು ಮಾಡುತ್ತೇನೆ, ಬ್ರಷ್ ನಿಲ್ಲಿಸಿ ಹಿಡಿದು ಮುಂದಿನ ಹಲ್ಲುಗಳ ಹಿಂದೆ ಒಂದೊಂದಾಗಿ. ಮೊಬೈಲ್‌ನಲ್ಲಿ ಎರಡು ನಿಮಿಷ ಇಟ್ಟುಕೊಳ್ಳುತ್ತೇನೆ. ಮೊದಲ ನಾಲ್ಕು ದಿನ ರಕ್ತ ಇನ್ನೂ ಜಾಸ್ತಿ ಬಂತು, ಹೆದರಿದೆ, ಬಿಡಲಿಲ್ಲ. ಎರಡನೇ ವಾರಕ್ಕೆ ನಿಂತಿತು. ಮೊನ್ನೆ ಮತ್ತೆ ಬಣ್ಣ ಹಾಕಿ ನೋಡಿದೆ, ಬಲಗಡೆ ಹಿಂದಿನ ದವಡೆ ಹಲ್ಲಿನ ಹತ್ತಿರ ಸ್ವಲ್ಪ, ಸಂದಿಗಳಲ್ಲಿ ಸ್ವಲ್ಪ. ಫ್ಲಾಸ್ ಇನ್ನೂ ಕೈಗೆ ಕೂತಿಲ್ಲ, ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟುತ್ತದೆ.

ಕರೆಂಟ್ ಬ್ರಷ್ ತಂದೆ, ಅಪ್ಪನಿಗೆ. ಸೈಕಲ್ ಹಿಡಿ ನಾಲ್ಕು ದಿನ ನೋಡಿದೆವು, ಹಿಡಿಯೋಕೆ ಬಂತು, ಕೈ ಆಡಿಸೋಕೆ ಬರಲಿಲ್ಲ. 4,200ರದ್ದಲ್ಲ, ದುಂಡು ತಲೆಯದು, 1,700 ಆಯಿತು, ಹೆಡ್ ನೂರಡಿ ರಸ್ತೆಯ ಅಂಗಡಿಯಲ್ಲೇ ಸಿಗುತ್ತದೆ ಅಂತ ಖಾತ್ರಿ ಮಾಡಿಕೊಂಡೇ ತಗೊಂಡೆ. ಮೊದಲ ದಿನ ಆನ್ ಮಾಡಿದ ತಕ್ಷಣ "ಇದೇನ್ಲಾ, ಬಾಯೊಳಗೆ ಜೇನು ಬುಟ್ಟಂಗದೆ" ಅಂತ ಉಗುಳಿಬಿಟ್ಟರು. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಇವಳೇ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಆಫ್ ಇರುವಾಗಲೇ ಬಾಯಲ್ಲಿ ಇಡಿಸಿ ಆಮೇಲೆ ಗುಂಡಿ ಒತ್ತಿದಳು. ಮೋಟರ್ ಯಾಕೆ ಅಂದವಳು ಇವಳೇ.

ಈಗ ರಾತ್ರಿ ಅವರೇ ಕೇಳುತ್ತಾರೆ, ಎಲ್ಲಿ ಆ ಜೇನು ಅಂತ. ಬೆಳಿಗ್ಗೆ ಮಾತ್ರ ಎಡಗೈ, ಬೆರಳು, ಹಲ್ಲುಪುಡಿ.